ಮೂರು ಮಸೂರಗಳ ‘ಸ್ಪುಟ್ನಿಕ್’ ಕ್ಯಾಮರಾ: ವಂಶನಿರ್ಣಯ ಮತ್ತು ಸಡಿಲಿಕೆಯ ವಿಚಾರ

ಪ್ರತಿಗಳ ವಂಶವನ್ನು ನಿರ್ಣಯಿಸುವಾಗ ಅವುಗಳಲ್ಲಿ ಸಮಾನವಾಗಿರುವ ಶುದ್ಧಪಾಠಗಳಿಗಿಂತ ಸಮಾನವಾಗಿರುವ ಸ್ಖಾಲಿತ್ಯಗಳೇ ಹೆಚ್ಚಿನ ಪ್ರಮಾಣವೆಂಬುದು ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಹೊಸದಲ್ಲ. ಶುದ್ಧಪಾಠವು ಎರಡು ಪ್ರತಿಗಳಲ್ಲಿ ಬೇರೆಬೇರೆ ದಾರಿಯಿಂದ ಉಳಿದು ಬಂದಿರಬಹುದು. ಆದರೆ ಒಂದೇ ಎಡೆಯಲ್ಲಿ ಒಂದೇ ಬಗೆಯ ದೋಷವು ಎರಡರಲ್ಲಿಯೂ ಕಂಡುಬಂದರೆ ಅವೆರಡರ ಹಿಂದೆ ಒಂದು ಮಾತೃಕೆಯನ್ನು ಊಹಿಸಲೇಬೇಕಾಗುತ್ತದೆ. ಈ ನ್ಯಾಯವು ಓಲೆಗರಿಗೆ ಮಾತ್ರವೇ ಸಲ್ಲತಕ್ಕದ್ದಲ್ಲ. ಒಂದನ್ನು ನೋಡಿ ಮತ್ತೊಂದನ್ನು ಮಾಡುತ್ತ ಬಂದ ಯಂತ್ರಗಳಿಗೂ ಸಲ್ಲುತ್ತದೆ. ಸೋವಿಯತ್ ದೇಶದ ಲೆನಿನ್‌ಗ್ರಾಡಿನಲ್ಲಿ ತಯಾರಾದ ‘ಸ್ಪುಟ್ನಿಕ್’ ಎಂಬ ಜೋಡಿಚಿತ್ರದ ಕ್ಯಾಮರಾ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಈ ಕ್ಯಾಮರಾದ ಮಸೂರಗಳು ಕಾಲಕ್ರಮದಲ್ಲಿ ಸಡಿಲಗೊಳ್ಳುವುದುಂಟು. ಆ ಸಡಿಲಿಕೆಯೇ ಅದರ ವಂಶವನ್ನು ಹೇಳುತ್ತದೆಂಬುದೂ, ವಂಶವನ್ನರಿಯದೆ ಮಾಡಿದ ದುರಸ್ತಿಯು ಕ್ಯಾಮರಾವನ್ನು ಕೆಡಿಸುತ್ತದೆಂಬುದೂ ಪ್ರಸ್ತುತ ಲೇಖನದ ಪ್ರತಿಪಾದ್ಯ.

ಮೊದಲು ವಸ್ತುವಿನ ಪರಿಚಯ. ಕಪ್ಪು ಬೇಕಲೈಟಿನ ಅಗಲವಾದ ಒಡಲು. ಅದರ ಮುಂಭಾಗದಲ್ಲಿ ಒಂದೇ ಸಾಲಿನಲ್ಲಿ ಮೂರು ಮಸೂರಗಳು. ಎಡಬಲದ ಎರಡು ಮಸೂರಗಳು ಚಿತ್ರಗ್ರಹಣಕ್ಕೆ. ನಡುವಣದು ಕನ್ನಡಿಯ ಮೂಲಕ ಮೇಲಿನ ಗಾಜಿಗೆ ಬಿಂಬವನ್ನು ಕಳುಹಿಸುವ ನೋಟದ ಮಸೂರ. ಚಿತ್ರಗ್ರಹಣದ ಮಸೂರಗಳು ‘ಟಿ-೨೨’ ಎಂಬ ಹೆಸರಿನವು, ೭೫ ಮಿಲಿಮೀಟರ್ ನಾಭಿದೂರದವು. ಗರಿಷ್ಠ ದ್ಯುತಿರಂಧ್ರ ೪.೫. ೧೨೦ ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಅಗಲ ಫಿಲಂ ಸುರುಳಿಯಲ್ಲಿ ಆರು ಸೆಂಟಿಮೀಟರ್ ಚದರದ ಹನ್ನೆರಡು ಚಿತ್ರಗಳು, ಎಂದರೆ ಆರು ಜೋಡಿಗಳು, ದೊರೆಯುತ್ತವೆ. ೧೯೫೫ರಲ್ಲಿ ಇದರ ತಯಾರಿಕೆ ಮೊದಲಾಯಿತು. ೧೯೭೦ರ ದಶಕದ ಮೊದಲರ್ಧದಲ್ಲಿ ನಿಂತಿತು. ಹೆಸರನ್ನು ಕಂಡು ಇದು ಕೃತಕ ಉಪಗ್ರಹದ ಸ್ಮಾರಕವಾಗಿರಬೇಕೆಂದು ಭಾವಿಸುವವರಿದ್ದಾರೆ. ಉಪಗ್ರಹವು ಆಕಾಶಕ್ಕೇರಿದುದು ೧೯೫೭ನೆಯ ಅಕ್ಟೋಬರ್ ೪ರಂದು. ಕ್ಯಾಮರಾ ಅದಕ್ಕಿಂತ ಹಳೆಯದು. ರಷ್ಯನ್ ಭಾಷೆಯಲ್ಲಿ ಈ ಶಬ್ದಕ್ಕೆ ‘ಜೊತೆಗೆ ದಾರಿ ನಡೆಯುವವನು’ ಎಂದೇ ಮೂಲಾರ್ಥ. ಎರಡು ಚಿತ್ರಗಳನ್ನು ಜೊತೆಯಾಗಿ ಹಿಡಿಯುವ ಯಂತ್ರಕ್ಕೆ ಒಪ್ಪುವ ಹೆಸರೇ ಸರಿ.

ಎರಡು ಕಣ್ಣುಗಳಿಗೆ ಕಾಣುವ ಬಿಂಬಗಳಲ್ಲಿರುವ ಅಲ್ಪಭೇದವೇ ನಮ್ಮ ಘನತ್ವಜ್ಞಾನಕ್ಕೆ ಕಾರಣವೆಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿದ್ವಾಂಸನು ೧೮೩೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ನಿರೂಪಿಸಿದನು. ಛಾಯಾಚಿತ್ರಣ ಲೋಕಕ್ಕೆ ಪ್ರಕಟವಾದುದು ಅದರ ಮರುವರ್ಷ. ೧೮೪೯ರಲ್ಲಿ ಡೇವಿಡ್ ಬ್ರೂಸ್ಟರನು ಮಸೂರಗಳಿಂದ ಕೂಡಿದ ನೋಟದ ಪೆಟ್ಟಿಗೆಯನ್ನು ರೂಪಿಸಿದನು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಅಂಥದೊಂದನ್ನು ವಿಕ್ಟೋರಿಯಾ ರಾಣಿ ಮೆಚ್ಚಿದ ಮೇಲೆ ಅದು ಮನೆಮನೆಯ ವಸ್ತುವಾಯಿತು. ಮ್ಯಾಂಚೆಸ್ಟರಿನ ಜಾನ್ ಬೆಂಜಮಿನ್ ಡಾನ್ಸರ್ ಎಂಬ ಉಪಕರಣಶಿಲ್ಪಿ ಒಂದೇ ಪೆಟ್ಟಿಗೆಯಲ್ಲಿ ಎರಡು ಮಸೂರಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾಡಿದ ಕ್ಯಾಮರಾಕ್ಕೆ ೧೮೫೬ರಲ್ಲಿ ಹಕ್ಕುಪತ್ರ ಪಡೆದನು. ಇಷ್ಟು ಪೂರ್ವೇತಿಹಾಸ ಸಾಕು. ನಮಗೆ ಬೇಕಾದ ಶಾಖೆ ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿದೆ.

ಆ ನಗರದಲ್ಲಿ ಎರಡು ಹೆಸರಾಂತ ಕಾರ್ಖಾನೆಗಳಿದ್ದವು. ಒಂದು ಫೋಕ್ಟ್‌ಲೆಂಡರ್; ೧೭೫೬ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ೧೮೪೯ರಲ್ಲಿ ಬ್ರೌನ್‌ಶ್ವೈಗಿಗೆ ಬಂದುದು. ಮತ್ತೊಂದು ಆ ಮನೆಯಲ್ಲಿಯೇ ಕೆಲಸ ಮಾಡಿದ್ದ ಪಾಲ್ ಫ್ರಾಂಕೆ ಮತ್ತು ರೈನ್‌ಹೋಲ್ಡ್ ಹೈಡೆಕೆ ಎಂಬಿಬ್ಬರು ೧೯೨೦ರಲ್ಲಿ ಸ್ಥಾಪಿಸಿದುದು. ಮೂರು ಮಸೂರಗಳನ್ನು ಸಾಲಾಗಿಟ್ಟು ನಡುವಣದನ್ನು ನೋಟಕ್ಕೆ ಬಳಸುವ ಕ್ರಮ ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಫೋಕ್ಟ್‌ಲೆಂಡರರ ಮನೆಯಲ್ಲಿತ್ತು. ಹೊಸ ಕಾರ್ಖಾನೆಯ ಮೊದಲ ಕೃತಿಯಾದ ‘ಹೈಡೊಸ್ಕೋಪ್’ (೧೯೨೧) ಅದೇ ಕ್ರಮವನ್ನು ಹಿಡಿಯಿತು. ೧೯೨೬ರ ‘ರೋಲೈಡೊಸ್ಕೋಪ್’ ಅದನ್ನು ಸುರುಳಿ ಫಿಲಮ್ಮಿಗೆ ಅಳವಡಿಸಿತು. ಮೂರರಲ್ಲೊಂದು ಮಸೂರವನ್ನು ತೆಗೆದು ಉಳಿದೆರಡನ್ನು ಒಂದರ ಮೇಲೊಂದಿಟ್ಟಾಗ ೧೯೨೯ರ ‘ರೋಲೈಫ್ಲೆಕ್ಸ್’ ಹುಟ್ಟಿತೆಂಬುದು ಕ್ಯಾಮರಾಗಳ ಇತಿಹಾಸದಲ್ಲಿ ಸುಪ್ರಸಿದ್ಧ ಸಂಗತಿ.

ಮೇಲ್ನೋಟಕ್ಕೆ ‘ಸ್ಪುಟ್ನಿಕ್’ ಈ ರೋಲೈಡೊಸ್ಕೋಪಿನ ಅಗ್ಗದ ಪ್ರತಿಯೆಂದೇ ತೋರುತ್ತದೆ. ಅವೇ ಮೂರು ಮಸೂರಗಳು, ಅದೇ ಸಾಲು, ಅದೇ ನಡುವಣ ನೋಟ. ಆದರೆ ಹೊರರೂಪದ ಸಾಮ್ಯದಿಂದ ವಂಶವನ್ನು ನಿರ್ಣಯಿಸುವುದು ಹಸ್ತಪ್ರತಿಯ ಹೊರಪಟ್ಟಿಕೆಯನ್ನು ನೋಡಿ ಪಾಠಪರಂಪರೆಯನ್ನು ಹೇಳಿದಂತೆ. ಸಂಧಿಸ್ಥಾನವನ್ನು ನೋಡಬೇಕು.

ರೋಲೈಡೊಸ್ಕೋಪಿನಲ್ಲಿ ಮೂರು ಮಸೂರಗಳೂ ಒಂದೇ ಲೋಹದ ಫಲಕದ ಮೇಲೆ ಕೂತಿವೆ. ದೂರಕ್ಕೆ ತಕ್ಕಂತೆ ಹೊಂದಿಸುವಾಗ ಇಡೀ ಫಲಕವೇ ಮುಂದೆ ಹಿಂದೆ ಸರಿಯುತ್ತದೆ. ಮಸೂರಗಳು ತಮ್ಮಷ್ಟಕ್ಕೆ ತಾವು ತಿರುಗುವುದಿಲ್ಲ. ಒಂದು ಸರಿದರೆ ಮೂರೂ ಅಷ್ಟೇ ಸರಿಯಬೇಕು. ಸ್ಪುಟ್ನಿಕ್ಕಿನಲ್ಲಿಯಾದರೋ ಫಲಕ ಅಚಲ. ಪ್ರತಿಯೊಂದು ಮಸೂರದ ಮುಂಗಾಜಿನ ಚೌಕಟ್ಟಿಗೂ ತನ್ನದೇ ಆದ ತಿರುಪಿನ ಸುತ್ತು ಇದೆ. ಅದರ ಅಂಚಿಗೆ ಹಲ್ಲುಗಳುಳ್ಳ ಬಳೆಯೊಂದಿದ್ದು, ನಡುವಣ ಬಳೆಯ ಹಲ್ಲುಗಳು ಎಡಬಲದ ಬಳೆಗಳ ಹಲ್ಲುಗಳನ್ನು ಕಚ್ಚಿಕೊಂಡಿರುತ್ತವೆ. ಒಂದನ್ನು ತಿರುಗಿಸಿದರೆ ಮೂರೂ ತಿರುಗುತ್ತವೆ. ತಿರುಪಿನ ಮೇಲೆ ಮುಂಗಾಜು ಮುಂದೆ ಬರುತ್ತದೆ ಅಥವಾ ಹಿಂದೆ ಹೋಗುತ್ತದೆ. ಒಟ್ಟಿನಲ್ಲಿ ಮೂರನ್ನು ಒಂದಾಗಿ ನಡೆಸಬೇಕೆಂಬ ಒಂದೇ ಸಮಸ್ಯೆಗೆ ಒಂದು ಕಡೆ ಫಲಕದ ಪರಿಹಾರ, ಇನ್ನೊಂದು ಕಡೆ ಹಲ್ಲುಗಳ ಪರಿಹಾರ.

ಈ ಹಲ್ಲುಗಳು ಎಲ್ಲಿಂದ ಬಂದವು? ೧೯೩೨ರಲ್ಲಿ ಫೋಕ್ಟ್‌ಲೆಂಡರರು ‘ಬ್ರಿಲಿಯಂಟ್’ ಎಂಬ ಅಗ್ಗದ ಕ್ಯಾಮರಾವನ್ನು ಹೊರತಂದರು. ಹೊರಗಿನಿಂದ ಅದು ರೋಲೈಫ್ಲೆಕ್ಸಿನ ಛಾಯೆ. ಒಳಗೆ ಬಹಳ ಸರಳ. ಮೇಲಿನ ಮಸೂರವು ಬಿಂಬವನ್ನು ಕಾಣಿಸುವುದಕ್ಕೆ ಮಾತ್ರ. ಸ್ಫುಟತೆಯನ್ನು ಅದರಿಂದ ತಿಳಿಯಲಾಗುತ್ತಿರಲಿಲ್ಲ. ದೂರವನ್ನು ಹೊಂದಿಸುವುದು ಕೆಳಮಸೂರದ ಮುಂಗಾಜನ್ನು ತಿರುಗಿಸುವ ಮೂಲಕ. ೧೯೩೭ರಲ್ಲಿ ಇದರ ಲೋಹದ ಒಡಲು ಬೇಕಲೈಟಿನದಾಯಿತು. ಅನಂತರ ಬಂದ ರೂಪದಲ್ಲಿ ಮೇಲಿನ ಮಸೂರವನ್ನೂ ಹಲ್ಲುಬಳೆಯಿಂದ ಕೆಳಮಸೂರಕ್ಕೆ ಬೆಸೆದರು. ಯುದ್ಧಾನಂತರ ೧೯೪೬ರಲ್ಲಿ ಲೆನಿನ್‌ಗ್ರಾಡಿನ ‘ಗೋಮ್ಜ್’, ಎಂದರೆ ಸರಕಾರಿ ದೃಗ್ಯಂತ್ರ ಕಾರ್ಖಾನೆಯು, ಬ್ರಿಲಿಯಂಟಿನ ಸರಳರೂಪವನ್ನು ಅನುಸರಿಸಿ ‘ಕೊಮ್ಸೊಮೋಲೆಟ್ಸ್’ ಎಂಬುದನ್ನು ಮಾಡಿತು. ೧೯೫೦ರ ಹೊತ್ತಿಗೆ ಹಲ್ಲುಬಳೆಗಳ ರೂಪವು ‘ಲ್ಯುಬಿತೆಲ್’ ಎಂಬ ಹೆಸರಿನಿಂದ ಬಂದಿತು. ಆ ಶಬ್ದಕ್ಕೆ ಹವ್ಯಾಸಿ ಎಂದರ್ಥ. ಲ್ಯುಬಿತೆಲ್ಲಿನ ಕೆಳಮಸೂರವೂ ‘ಟಿ-೨೨’, ೭೫ ಮಿಲಿಮೀಟರ್, ೪.೫. ಅದನ್ನೇ ಇಮ್ಮಡಿಸಿ ಎಡಬಲದಲ್ಲಿಟ್ಟು ಮೇಲಿನ ಮಸೂರವನ್ನು ನಡುವೆ ತಂದಾಗ ಸ್ಪುಟ್ನಿಕ್ ಆಯಿತು. (ಅದೇ ಕಾರ್ಖಾನೆ ೧೯೬೫ರಿಂದೀಚೆಗೆ ‘ಲೋಮೊ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.)

ಹೀಗೆ ಮೂರು ಮಸೂರಗಳ ರೂಪವು ಬ್ರೌನ್‌ಶ್ವೈಗಿನಲ್ಲಿ ಎರಡಾಗಿ ಇಳಿದು, ಅಗ್ಗದ ಅನುಕರಣದ ದಾರಿಯಲ್ಲಿ ಲೆನಿನ್‌ಗ್ರಾಡಿಗೆ ಹೋಗಿ, ಅಲ್ಲಿ ಮರಳಿ ಮೂರಾಯಿತು. ಸಂಪಾದಕರ ಮಾತಿನಲ್ಲಿ ಹೇಳುವುದಾದರೆ ಇದು ಸಂಕರಪ್ರತಿ: ಒಟ್ಟು ವಿನ್ಯಾಸ ಒಂದು ಶಾಖೆಯದು, ಪಾಠವೆಲ್ಲ ಇನ್ನೊಂದು ಶಾಖೆಯದು. ಇದಕ್ಕೆ ಇನ್ನೊಂದು ಒಳಸಾಕ್ಷ್ಯವೂ ಉಂಟು. ಒಂದನ್ನೊಂದು ಕಚ್ಚಿದ ಎರಡು ಹಲ್ಲುಬಳೆಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹಾಗೆ ತಿರುಗಿಯೂ ಎರಡು ಮಸೂರಗಳು ಒಟ್ಟಿಗೆ ಮುಂದೆ ಬರಬೇಕಾದರೆ ಒಂದರ ತಿರುಪು ಬಲಸುತ್ತಿನದೂ ಮತ್ತೊಂದರದು ಎಡಸುತ್ತಿನದೂ ಆಗಿರಲೇಬೇಕು. ಸ್ಪುಟ್ನಿಕ್ಕಿನಲ್ಲಿ ಹೊರಗಿನ ಎರಡಕ್ಕೂ ಒಂದೇ ಸುತ್ತು, ನಡುವಣದಕ್ಕೆ ವಿರುದ್ಧ ಸುತ್ತು. ಎರಡು ಮಸೂರಗಳಿಗೆಂದು ಮಾಡಿದ ಏರ್ಪಾಟನ್ನು ಮೂರಕ್ಕೆ ಹಿಗ್ಗಿಸಿದರೆ ಬೇರೆ ದಾರಿಯಿಲ್ಲ. ನಡುವಣ ಮಸೂರವನ್ನು ಬಿಚ್ಚಲು ಹೊರಟವರು ಈ ವಿಷಯವನ್ನು ಮರೆತು ಬಿಗಿಯುವ ಕಡೆಗೇ ಬಲವನ್ನು ಹಾಕಿ ಸುತ್ತನ್ನು ಕೆಡಿಸಿದುದುಂಟು.

ಇನ್ನು ಸಡಿಲಿಕೆಯ ವಿಚಾರ. ‘ಮಸೂರ ಸಡಿಲವಾಗಿದೆ’ ಎಂಬ ಒಂದೇ ಮಾತು ನಾಲ್ಕು ಬೇರೆ ಸ್ಥಿತಿಗಳಿಗೆ ಸಲ್ಲುತ್ತದೆ. ಇವುಗಳನ್ನು ವಿಂಗಡಿಸದೆ ತಿರುಪುಳಿಯನ್ನು ಕೈಗೆತ್ತಿಕೊಳ್ಳಬಾರದು. ಹಲ್ಲುಬಳೆಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದಾಗ ಗಾಜೂ ಜೊತೆಯಲ್ಲಿ ಅಲುಗಿದರೆ ದೋಷ ತಿರುಪಿನ ಸುತ್ತಿನಲ್ಲಿದೆ. ಬಳೆ ಮಾತ್ರ ತಿರುಗಿ ಗಾಜಿನ ಚೌಕಟ್ಟು ನಿಂತಲ್ಲೇ ನಿಂತರೆ, ಬಳೆಯನ್ನು ಚೌಕಟ್ಟಿಗೆ ಹಿಡಿದಿರುವ ಸಣ್ಣ ತಿರುಪುಮೊಳೆಗಳು ಸಡಿಲಿವೆ. ಮಸೂರ, ಷಟರ್ ಎಲ್ಲ ಸೇರಿ ಒಡಲಿನಿಂದಲೇ ಅಲುಗಾಡಿದರೆ ಹಿಂಬದಿಯ ಬಿಗಿಬಳೆ ಸಡಿಲವಾಗಿದೆಯೆಂದರ್ಥ. ಅಪರೂಪಕ್ಕೊಮ್ಮೆ ಗಾಜೇ ತನ್ನ ಚೌಕಟ್ಟಿನೊಳಗೆ ಗಿಲಿಗುಟ್ಟುವುದುಂಟು. ಕೊನೆಯ ಎರಡನ್ನು ಸರಿಪಡಿಸುವುದು ಕಷ್ಟವಲ್ಲ. ಬಿಗಿಬಳೆಯನ್ನು ಅದಕ್ಕೆಂದೇ ಇರುವ ಎರಡು ಮೊನೆಯ ಕೈವಾರದಂಥ ಸಾಧನದಿಂದ ತಿರುಗಿಸಬೇಕು, ಚಾಕುವಿನ ತುದಿಯಿಂದಲ್ಲ. ಬೇಕಲೈಟ್ ಶಾಖಕ್ಕೆ ಕರಗದು, ಆದರೆ ಬಲಕ್ಕೆ ಬಿರಿಯುತ್ತದೆ. ಆದುದರಿಂದ ಕೈಗೆ ತಾಗಿತೆನ್ನುವಷ್ಟು ಬಿಗಿದು ನಿಲ್ಲಿಸಬೇಕು.

ಮೊದಲಿನ ಎರಡು ಹೀಗಲ್ಲ. ತಿರುಪಿನ ಸುತ್ತಿನಲ್ಲಿ ಕಾಣುವ ಅಲುಗಾಟವೆಲ್ಲ ಸವೆತವೆಂದು ತಿಳಿಯುವುದು ಸರಿಯಲ್ಲ. ಇಂಥ ಸುತ್ತುಗಳ ನಡುವೆ ಸ್ವಲ್ಪ ಅವಕಾಶವನ್ನು ತಯಾರಕನೇ ಬಿಟ್ಟಿರುತ್ತಾನೆ. ಅದನ್ನು ತುಂಬುವುದಕ್ಕೆ ಗಟ್ಟಿಯಾದ ಗ್ರೀಸು ಇರುತ್ತದೆ. ಬೆರಳಿಗೆ ತಿಳಿಯುವ ಆ ಮಂದವಾದ ಪ್ರತಿರೋಧ ಲೋಹದಿಂದ ಬಂದುದಲ್ಲ, ಜಿಡ್ಡಿನಿಂದ ಬಂದುದು. ದಶಕಗಳು ಕಳೆದಂತೆ ಜಿಡ್ಡಿನ ಎಣ್ಣೆ ಹೊರಟುಹೋಗಿ ಉಳಿದುದು ಮೇಣದಂತೆ ಗಟ್ಟಿಯಾಗುತ್ತದೆ. ಮೂರು ಮಸೂರಗಳಲ್ಲಿ ಇದು ಒಂದೇ ಸಮನಾಗಿ ಆಗುವುದಿಲ್ಲ. ಒಂದು ಬಿಗಿದು ಕೂತಿದೆ, ಉಳಿದೆರಡು ಚಲಿಸುತ್ತವೆ ಎಂದಿಟ್ಟುಕೊಳ್ಳೋಣ. ಬಳಸುವವನು ಬಲವಂತವಾಗಿ ತಿರುಗಿಸುತ್ತಾನೆ. ಆ ಬಲವೆಲ್ಲ ಹಲ್ಲುಗಳ ಮೂಲಕ ಸಾಗಿ ಬಿಗಿದ ಮಸೂರದ ಸಣ್ಣ ತಿರುಪುಮೊಳೆಗಳ ಮೇಲೆ ಬೀಳುತ್ತದೆ. ಮೊಳೆಗಳು ಜಾರುತ್ತವೆ, ಬಳೆ ತಿರುಗುತ್ತದೆ, ಗಾಜು ನಿಲ್ಲುತ್ತದೆ. ಮೇಲ್ನೋಟಕ್ಕೆ ಇದು ಸಡಿಲಿಕೆ. ಅದರ ಮೂಲ ಮಾತ್ರ ಬಿಗಿತದಲ್ಲಿದೆ. ಇದನ್ನರಿಯದೆ ಮೊಳೆಗಳನ್ನಷ್ಟೇ ಬಿಗಿದರೆ ಕೆಲವು ದಿನಗಳಲ್ಲಿ ಅದೇ ದೋಷ ಮರುಕಳಿಸುತ್ತದೆ, ಇಲ್ಲವೆ ಹಲ್ಲುಗಳೇ ಮುರಿಯುತ್ತವೆ.

ಈ ದೋಷವು ಬ್ರಿಲಿಯಂಟ್-ಲ್ಯುಬಿತೆಲ್ ಶಾಖೆಯ ಹಲ್ಲುಬಳೆಯ ಕ್ಯಾಮರಾಗಳೆಲ್ಲಕ್ಕೂ ಸಾಧಾರಣ. ಫಲಕವೇ ಸರಿಯುವ ರೋಲೈಡೊಸ್ಕೋಪಿನಲ್ಲಿ ಇದು ಹುಟ್ಟುವ ಸಂಭವವೇ ಇಲ್ಲ. ವಂಶನಿರ್ಣಯಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ. ಆದರೆ ಮಾತೃಕೆಯಲ್ಲಿ ಅಲ್ಪವಾಗಿದ್ದ ದೋಷ ಪ್ರತಿಯಲ್ಲಿ ಗುರುತರವಾಯಿತೆಂಬುದನ್ನು ಗಮನಿಸಬೇಕು. ಲ್ಯುಬಿತೆಲ್ಲಿನಲ್ಲಿ ಹಲ್ಲುಬಳೆ ಜಾರಿದರೆ ನೋಟಕ್ಕೂ ಚಿತ್ರಕ್ಕೂ ಭೇದ ಬರುತ್ತದೆ, ಅಷ್ಟೆ. ದೂರವನ್ನು ಅಳೆದು ಅಂಕಿಗೆ ಹೊಂದಿಸಿ ಕೆಲಸ ಸಾಗಿಸಬಹುದು. ಸ್ಪುಟ್ನಿಕ್ಕಿನಲ್ಲಿ ಎಡಮಸೂರಕ್ಕೂ ಬಲಮಸೂರಕ್ಕೂ ನೇರವಾದ ಸಂಪರ್ಕವೇ ಇಲ್ಲ. ನಡುವಣ ನೋಟದ ಬಳೆಯೇ ಅವೆರಡರ ನಡುವಿನ ಸೇತುವೆ. ಎಡದಿಂದ ಬಲಕ್ಕೆ ಚಲನೆ ಸಾಗಬೇಕಾದರೆ ಎರಡು ಕಡೆ ಹಲ್ಲುಗಳ ಸಂದನ್ನು ದಾಟಬೇಕು. ಪರಿಣಾಮವಾಗಿ ಭೇದವು ಎರಡು ಚಿತ್ರಗಳ ನಡುವೆಯೇ ಬೀಳುತ್ತದೆ.

ಆ ಭೇದ ಎಷ್ಟರಮಟ್ಟಿನದು? ಟಿ-೨೨ ಮೂರು ಬಿಡಿಗಾಜುಗಳ ಮಸೂರ. ೧೮೯೩ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಡೆನ್ನಿಸ್ ಟೇಲರ್ ಹಕ್ಕುಪತ್ರ ಪಡೆದ ತ್ರಿಪುಟಿಯ ವರ್ಗಕ್ಕೆ ಸೇರಿದುದು. ಅದರಲ್ಲಿ ಮುಂಗಾಜೊಂದನ್ನೇ ಸರಿಸಿದಾಗ ಇಡೀ ಮಸೂರದ ನಾಭಿದೂರವೇ ಸ್ವಲ್ಪ ಬದಲಾಗುತ್ತದೆ. ಮುಂಗಾಜಿನ ನಾಭಿದೂರ ಒಟ್ಟಿನ ಅರ್ಧದಷ್ಟಿದ್ದರೆ, ಅಲ್ಲಿ ಒಂದು ಪಾಲು ಸರಿದುದು ಫಿಲಮ್ಮಿನ ಬಳಿ ನಾಲ್ಕು ಪಾಲಾಗಿ ತೋರುತ್ತದೆ. ಕೂದಲೆಳೆಯಷ್ಟು ಅಲುಗಾಟವೂ ಆದಕಾರಣ ಉಪೇಕ್ಷಣೀಯವಲ್ಲ. ಎಡಬಲದ ಮಸೂರಗಳು ಬೇರೆಬೇರೆ ದೂರಕ್ಕೆ ನಿಂತಿದ್ದರೆ ಒಂದು ಚಿತ್ರ ಮಸುಕಾಗುವುದಲ್ಲದೆ ಎರಡರ ಪ್ರಮಾಣವೂ ಭಿನ್ನವಾಗುತ್ತದೆ. ಜೋಡಿಚಿತ್ರದಿಂದ ಆಳವನ್ನು ಅಳೆಯುವವರಿಗೆ ಆಗ ಸಮತಲವಾದ ಗೋಡೆಯೂ ಒಂದು ಬದಿಗೆ ವಾಲಿದಂತೆ ಲೆಕ್ಕ ಬರುತ್ತದೆ. ಮುಂಗಾಜು ತನ್ನ ಸುತ್ತಿನಲ್ಲಿ ಓರೆಯಾಗಿ ಕೂತರೆ ಬಿಂಬ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಅಡ್ಡದ ಭೇದವನ್ನು ನಮ್ಮ ಕಣ್ಣು ಘನತ್ವವೆಂದು ಗ್ರಹಿಸುತ್ತದೆ. ಮೇಲುಕೆಳಗಿನ ಭೇದವನ್ನು ಸಹಿಸದು. ನೋಡುವವನಿಗೆ ತಲೆನೋವು ಬರುತ್ತದೆಯೇ ಹೊರತು ದೃಶ್ಯ ಕೂಡುವುದಿಲ್ಲ. ಸವೆದ ಶಾಸನದ ಕಲ್ಲಿನಲ್ಲಿ ಒಂದು ಗೆರೆ ಕೊರೆದುದೋ ಉಬ್ಬಿದುದೋ ಎಂಬುದನ್ನು ಬಿಡಿಚಿತ್ರದಿಂದ ನಿಶ್ಚಯಿಸಲಾಗದೆ ತೊಳಲಿದವರಿಗೆ ಸರಿಯಾದ ಜೋಡಿಚಿತ್ರದ ಬೆಲೆ ಗೊತ್ತು. ಸರಿಯಿಲ್ಲದ ಜೋಡಿಚಿತ್ರದ ಅಪಾಯವೂ ಗೊತ್ತಿರಬೇಕು.

ದುರಸ್ತಿಯ ಕ್ರಮ ಇದರಿಂದಲೇ ಹೊರಡುತ್ತದೆ. ಬಿಚ್ಚುವ ಮೊದಲು ಮೂರು ಬಳೆಗಳ ಸ್ಥಾನವನ್ನು ಬರೆದಿಟ್ಟುಕೊಳ್ಳಬೇಕು. ಪ್ರತಿಯೊಂದು ಚೌಕಟ್ಟು ಸುತ್ತಿನಿಂದ ಯಾವ ಸ್ಥಾನದಲ್ಲಿ ಕಳಚಿತೆಂಬುದನ್ನು ಪೆನ್ಸಿಲಿನಿಂದ ಗುರುತಿಸಬೇಕು. ಲೋಹದ ಮೇಲೆ ಗೀರಬಾರದು. ಹಿಂದಿನ ದುರಸ್ತಿಗಾರರ ಗೀರುಗಳು ಅಲ್ಲಿ ಈಗಾಗಲೇ ಇರಬಹುದು. ಅವುಗಳ ನಡುವೆ ನಮ್ಮದೂ ಒಂದು ಸೇರಿದರೆ ಮುಂದಿನವನಿಗೆ ಯಾವುದು ಕಾರ್ಖಾನೆಯದು, ಯಾವುದು ನಡುವಿನ ಕೈಯದು ಎಂಬುದೇ ತಿಳಿಯದಾಗುತ್ತದೆ. ಎಡದ ಗಾಜನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಲೇಬಾರದು. ಒಂದೇ ಅಚ್ಚಿನ ಗಾಜುಗಳಲ್ಲಿಯೂ ನಾಭಿದೂರದ ಅಲ್ಪಭೇದ ಇದ್ದೇ ಇರುತ್ತದೆ. ಹಳೆಯ ಜಿಡ್ಡನ್ನು ಬಿಳಿ ಪೆಟ್ರೋಲಿನಂಥ ದ್ರವದಿಂದ ಪೂರ್ಣವಾಗಿ ತೊಳೆದು, ಒರೆಸಿ, ಗಟ್ಟಿಯಾದ ಹೊಸ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಬಹುಪಾಲು ಅಲುಗಾಟ ಇಷ್ಟರಿಂದಲೇ ಅಡಗುತ್ತದೆ. ಅಡಗದಿದ್ದರೆ ಮಾತ್ರ ಸವೆತವೆಂದು ತಿಳಿಯಬೇಕು. ಆಗ ಕೊಳಾಯಿ ಕೆಲಸದವರು ಬಳಸುವ ತೆಳುವಾದ ಬಿಳಿಯ ಪಟ್ಟಿಯನ್ನು ಸುತ್ತಿನೊಳಗೆ ಸುತ್ತುವುದುಂಟು. ಅದು ಉಪಾಯವೇ ಹೊರತು ಪರಿಹಾರವಲ್ಲ. ಆದರೆ ಬೇಡವಾದಾಗ ತೆಗೆದುಹಾಕಬಹುದಾದುದರಿಂದ ಆಕ್ಷೇಪಣೀಯವಲ್ಲ. ಅಂಟು ಆಕ್ಷೇಪಣೀಯ. ನನ್ನ ಪರಿಶೀಲನೆಗೆ ಬಂದ ಒಂದು ಕ್ಯಾಮರಾದಲ್ಲಿ ಹಿಂದೆ ಯಾರೋ ಬಲಗಡೆಯ ಬಳೆಯನ್ನು ಚೌಕಟ್ಟಿಗೆ ಅಂಟಿಸಿಬಿಟ್ಟಿದ್ದರು. ಸಡಿಲಿಕೆ ಹೋಗಿತ್ತು, ನಿಜ. ತಪ್ಪು ಸ್ಥಾನವು ಶಾಶ್ವತವಾಗಿತ್ತು. ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದಬಹುದು. ತಿದ್ದುವವನು ಮೂಲಾಕ್ಷರವನ್ನೇ ಕೆರೆದು ಹಾಕಿದ್ದರೆ ಮಾಡುವುದೇನು?

ಬಳೆಗಳನ್ನು ಮತ್ತೆ ಬಿಗಿಯುವ ಮುಂಚೆ ಮಸೂರಗಳನ್ನು ಅನಂತಕ್ಕೆ ಹೊಂದಿಸಬೇಕು. ಹಿಂಬಾಗಿಲನ್ನು ತೆಗೆದು, ಫಿಲಂ ಹಾಯುವ ಹಳಿಗಳ ಮೇಲೆ ಒರಟುಗಾಜನ್ನು ಅದರ ಒರಟು ಮುಖ ಮಸೂರದ ಕಡೆಗಿರುವಂತೆ ಒತ್ತಿ ಹಿಡಿದು, ಷಟರನ್ನು ತೆರೆದಿಟ್ಟು, ದ್ಯುತಿರಂಧ್ರವನ್ನು ಪೂರ್ತಿ ಅಗಲಿಸಿ, ಬಹುದೂರದ ಗೋಪುರವನ್ನೋ ಕಂಬವನ್ನೋ ಭೂತಗನ್ನಡಿಯಿಂದ ನೋಡುತ್ತ ಮುಂಗಾಜನ್ನು ಮೆಲ್ಲಗೆ ತಿರುಗಿಸಿ ಬಿಂಬ ಸ್ಫುಟವಾದಲ್ಲಿ ನಿಲ್ಲಿಸಬೇಕು. ಮೊದಲು ಎಡ, ಆಮೇಲೆ ಬಲ. ಎರಡೂ ಮುಗಿದ ಮೇಲೆಯೇ ನಡುವಣದು. ನೋಟದ ಮಸೂರವನ್ನು ಮೊದಲು ಹೊಂದಿಸಿ ಉಳಿದೆರಡನ್ನು ಅದಕ್ಕೆ ಅನುಗುಣವಾಗಿ ಕೂರಿಸುವವರಿದ್ದಾರೆ. ಅದು ವ್ಯಾಖ್ಯಾನವನ್ನು ಹಿಡಿದು ಮೂಲವನ್ನು ತಿದ್ದುವ ಕ್ರಮ, ಒಪ್ಪತಕ್ಕದ್ದಲ್ಲ. ಮೂರೂ ಅನಂತದಲ್ಲಿ ನಿಂತ ಮೇಲೆ ಹಲ್ಲುಗಳನ್ನು ಕೂಡಿಸಿ, ತಿರುಪುಮೊಳೆಗಳನ್ನು ಸುತ್ತಲೂ ಸ್ವಲ್ಪಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಬಳೆ ಓರೆಯಾಗುತ್ತದೆ. ಕೊನೆಗೆ ದೂರದ ಚಾವಣಿಯ ಅಂಚಿನಂಥ ಒಂದು ನೇರವಾದ ಅಡ್ಡಗೆರೆಯನ್ನು ಎರಡು ಗಾಜುಗಳಲ್ಲಿಯೂ ನೋಡಿ ಅದು ಒಂದೇ ಎತ್ತರದಲ್ಲಿ ಬೀಳುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು. ಫಿಲಂ ಸಂಸ್ಕರಿಸಿ ಚಿತ್ರಗಳನ್ನು ಹಚ್ಚುವಾಗ ಎಡಬಲಗಳನ್ನು ಅದಲುಬದಲು ಮಾಡಬೇಕಾದುದು ದೋಷದಿಂದಲ್ಲ. ಪ್ರತಿಯೊಂದು ಬಿಂಬವೂ ತಲೆಕೆಳಗಾಗಿ ಬೀಳುವುದರ ಫಲವದು. ಹಾಗೆ ಮಾಡದಿದ್ದರೆ ತಗ್ಗು ಉಬ್ಬಾಗಿಯೂ ಉಬ್ಬು ತಗ್ಗಾಗಿಯೂ ಕಾಣುತ್ತದೆ.

ಸ್ಪುಟ್ನಿಕ್ ಶಾಖೆ ಮುಂದೆ ಸಂತತಿಯನ್ನು ಬಿಡಲಿಲ್ಲ. ಲ್ಯುಬಿತೆಲ್ ಮಾತ್ರ ‘೧೬೬’ ಮೊದಲಾದ ರೂಪಗಳಲ್ಲಿ ಸೋವಿಯತ್ ಕಾಲದ ಕೊನೆಯವರೆಗೂ ನಡೆದುಬಂದಿತು. ೨೦೦೮ರಲ್ಲಿ ಅದರ ಹೊಸ ರೂಪವೊಂದನ್ನು ಬೇರೊಂದು ಸಂಸ್ಥೆ ಹೊರತಂದಿತು. ಅದರಲ್ಲಿಯೂ ಮೇಲಿನ ಬಳೆಯ ಹಲ್ಲುಗಳು ಕೆಳಗಿನ ಬಳೆಯ ಹಲ್ಲುಗಳನ್ನು ಕಚ್ಚಿಕೊಂಡೇ ಇವೆ.